ಭೋಂಗಾ ಆದಾಗೆಲ್ಲಾ ಝಡತಿ ಮಾಫ

ಕಾರ್ಗಿಲ್ಲಿನಲ್ಲಿ ಯುದ್ಧ ನಡೆದ ಆ ವರ್ಷ ನಮ್ಮ ಬಾಬಾಸಾಹೇಬ ಸಾವ್ಕಾರರಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂದಿತ್ತು. ಪಾಕಿಸ್ತಾನದ ವಿಮಾನಗಳು ನೇರವಾಗಿ ನಿಪ್ಪಾಣಿಗೆ ಬಂದು ತಮ್ಮ ತಂಬಾಕಿನ ವಖಾರದ ಮೇಲೆಯೇ ಬಾಂಬು ಹಾಕುತ್ತವೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

“ನೋಡ ಭರಮು, ಬೆಳಗಾವ್ಯಾಗ ಲಷ್ಕರ ಐತಿ. ಮೊದಲ ಅಲ್ಲೊಂದ ಹಾಕ್ತಾರ. ಹೊಳ್ಳಿ ಹೋಗೂಮುಂದ ಪುಣಾ ರೋಡ ಹಿಡದ ಹೋಗ್ತಾರ. ಮ್ಯಾಲಿಂದ ನೋಡಿದ್ರ ಎಲ್ಲಾರಕಿಂತ ದೊಡ್ಡ ತಗಡ ಯಾರದ ಕಾಣ್ತೈತಿ?”

“ನಮ್ಮದರಿ.”

“ನಮ್ಮದ!” ಎಂದು ಸಾವ್ಕಾರರು ತೊಡೆ ತಟ್ಟಿಕೊಂಡರು. ಪಕ್ಕದ ವಖಾರದವರ ತಗಡು ನಮ್ಮದಕ್ಕಿಂತ ಸಣ್ಣದು ಎಂಬುದು ಯುದ್ಧದಿಂದಾಗಿ ಊರಿಗೆಲ್ಲ ಗೊತ್ತಾಗುವ ಹಾಗಾಯಿತಲ್ಲ ಎಂಬ ಖುಷಿ ಅವರದು.

ಅದೇ ವಾರ ಚಿಕ್ಕೋಡಿಯಲ್ಲಿ ಒಂದು ಸಭೆ ಆಯಿತು. ಯುದ್ಧದ ಕಾಲ, ಏನು ಬೇಕಾದರೂ ಆಗಬಹುದು, ಹತ್ತಾರು ಜನ ದುಡಿಯುವ ಕಡೆಯಲ್ಲೆಲ್ಲ ಮಾಲೀಕರು ಕೆಲಸದವರ ಜೀವದ ಕಾಳಜಿ ತಗೋಬೇಕು ಎಂದು ಅಲ್ಲಿ ಒಬ್ಬ ಸರಕಾರಿ ಸಾಹೇಬರು ಹೇಳಿದರಂತೆ. ಉಳಿದ ಮಾಲೀಕರು ಚಹಾ ಕುಡಿದು ಎದ್ದು ಬಂದರು. ನಮ್ಮ ಸಾವ್ಕಾರರು ಬರುವಾಗ ಪೇಟೆಯಲ್ಲಿ ಇಳಿದು ಕೆಂಪು ಬಟ್ಟೆ ತಂದರು. ಅದನ್ನು ತಾವೇ ಹರಿದು ನನ್ನ ತೋಳಿಗೆ ಕಟ್ಟಿ, ಕೊರಳಿಗೆ ಒಂದು ಸೀಟಿ ತೂಗುಹಾಕಿದರು.

“ಇವತ್ತಿಂದ ನೀ ನಮ್ಮ ಸುರಕ್ಷಾ ಅಧಿಕಾರಿ.”

“ನಾ ಯಾಕ್ರಿ ಸಾವ್ಕಾರ್ರ?”

“ಇಡೀ ವಖಾರದಾಗ ಸಂಜೀ ಕ್ಲಾಸಿಗೆ ಹೋಗಿ ನಾಕ ಅಕ್ಷರ ಕಲತಾಂವ ನೀ ಒಬ್ಬ. ಮತ್ತ ನಿನಗ ಅಂಜಿಕಿ ಭಾಳ. ಈ ಕೆಲಸಕ್ಕ ಅಂಜಾಂವನ ಬೇಕು.”

ಅದು ಸುಳ್ಳಲ್ಲ. ಮನೆಗೆ ಕೀಲಿ ಹಾಕಿ ಓಣಿಯ ತುದಿಯವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವನು ನಾನು. ಅಂಥವನ ಕೊರಳಿಗೆ ಇಷ್ಟು ಜನರ ಜೀವ ಕಟ್ಟಿದ್ದರು. ಆ ದಿನದಿಂದ ನನಗೆ ಊಟ ಸೇರಲಿಲ್ಲ.

ವಿಮಾನದ ಅಂಜಿಕೆ ನನಗಿರಲಿಲ್ಲ. ನನಗಿದ್ದದ್ದು ಬಾಗಿಲಿನ ಅಂಜಿಕೆ.

ನಮ್ಮ ವಖಾರ ಉದ್ದನೆಯದು, ತಗಡಿನ ಛಾವಣಿಯದು. ಒಂದು ಗೋಡೆಗೆ ಸೂರಿನವರೆಗೂ ತಂಬಾಕಿನ ಚೀಲಗಳು, ನಡುವೆ ಸಾಲಾಗಿ ಕುಳಿತು ಜರಡಿ ಹಿಡಿಯುವ ಹೆಂಗಸರು. ಮೂಗಿಗೆ ಸೆರಗು ಸುತ್ತಿಕೊಂಡೇ ಕೆಲಸ. ಇಲ್ಲದಿದ್ದರೆ ಆ ಧೂಳಿಗೆ ಸೀನಿ ಸೀನಿ ಪ್ರಾಣ ಹೋಗಬೇಕು. ಬಾಗಿಲು ಎರಡು. ಓಣಿಯ ಕಡೆಗೆ ಲಾರಿ ಹಿಮ್ಮುಖವಾಗಿ ಬಂದು ನಿಲ್ಲುವಂಥ ದೊಡ್ಡ ಬಾಗಿಲು. ಅದರ ಕೀಲಿಕೈ ಸಾವ್ಕಾರರ ಸೊಂಟದಲ್ಲಿ. ಇನ್ನೊಂದು ಅಂಗಳದ ಕಡೆಗೆ, ಒಬ್ಬರೇ ಬಗ್ಗಿ ಹೋಗುವಂಥ ಸಣ್ಣ ಬಾಗಿಲು. ಎಲ್ಲರೂ ಬರುವುದೂ ಹೋಗುವುದೂ ಅದರಲ್ಲೇ, ಯಾಕೆಂದರೆ ಝಡತಿ ನಡೆಯುತ್ತಿದ್ದದ್ದು ಅಲ್ಲಿ.

ತಂಬಾಕು ಕದ್ದು ಒಯ್ಯಬಾರದೆಂದು ಹೊರಗೆ ಹೋಗುವವರ ಮೈ ತಡವಿ ನೋಡುವುದಕ್ಕೆ ನಮ್ಮಲ್ಲಿ ಝಡತಿ ಅನ್ನುತ್ತಾರೆ. ಹೊಸ್ತಿಲ ಹೊರಗೆ ಸೋನಾಬಾಯಿ ನಿಂತಿರುತ್ತಿದ್ದಳು. ಒಬ್ಬೊಬ್ಬ ಹೆಂಗಸೂ ಬಗ್ಗಿ ದಾಟಿ, ನೆಟ್ಟಗೆ ನಿಂತು, ಎರಡೂ ಕೈ ಮೇಲೆತ್ತಬೇಕು. ಸೋನಾಬಾಯಿ ಸೊಂಟ ತಡವಿ, ಸೆರಗು ಝಾಡಿಸಿ, ಎಲೆಯಡಿಕೆಯ ಸಂಚಿ ಬಿಚ್ಚಿ ನೋಡಿ, ಬೆನ್ನ ಮೇಲೊಂದು ಮೆತ್ತಗೆ ಹೊಡೆದರೆ ಮುಗಿಯಿತು, ಮನೆಗೆ ಹೋಗಬಹುದು. ಗಂಡಸರ ಝಡತಿ ಅವಳದಲ್ಲ, ಅದು ಕಾವಲುಗಾರ ಜಕ್ಕಪ್ಪನದು. ಕೈಗೂಸು ಇದ್ದವರು ಮೊದಲು, ದೂರದಿಂದ ನಡೆದು ಬರುವವರು ಆಮೇಲೆ, ಉಳಿದವರು ಅವರ ಹಿಂದೆ. ಈ ಪಾಳಿಯನ್ನು ಯಾರೂ ಮುರಿಯುತ್ತಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ನಮ್ಮವ್ವ ಲಗಮವ್ವ.

ಅವ್ವ ನಾನು ಹುಟ್ಟುವ ಮೊದಲಿಂದಲೂ ಅದೇ ವಖಾರದಲ್ಲಿ ಜರಡಿ ಹಿಡಿದವಳು. ನಾನು ಅಲ್ಲಿ ಕಾರಕೂನನಾಗಿ ಎಲ್ಲರ ಬಾಯಲ್ಲಿ ಮಾಸ್ತರನಾದ ದಿನದಿಂದ ತಾನಾಗಿಯೇ ಪಾಳಿಯ ಕೊನೆಗೆ ಹೋಗಿ ನಿಂತಳು. ಕಾರಕೂನನ ತಾಯಿ ಅಂತ ಮುಂದೆ ಬಿಟ್ಟರು ಎಂದು ಯಾರೂ ಅನ್ನಬಾರದು. ಅಷ್ಟೇ ಅಲ್ಲ, ಸೋನಾಬಾಯಿ ಒಮ್ಮೆ ತಡವಿ ಬಿಟ್ಟರೆ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ.

“ಏ ಸೋನಾ, ನೆಟ್ಟಗ ನೋಡಿಲ್ಲ ನೀ. ಇನ್ನೊಮ್ಮಿ ನೋಡು.”

“ನೋಡೇನಿ ಹೋಗ ಮಾವಶಿ. ನಿನ್ನ ಮೈಯಾಗ ಎಲುಬ ಬಿಟ್ರ ಏನೂ ಸಿಗಂಗಿಲ್ಲ.”

“ಎಲುಬಿನ ಸಂದ್ಯಾಗ ಇಟಗೊಂಡಿದ್ರ? ನೋಡು.”

ಹೀಗೆ ಎರಡು ಸಲ ಝಡತಿ ಕೊಟ್ಟು ಮನೆಗೆ ಬರುತ್ತಿದ್ದಳು. ಹಾಗಾಗಿ ವಖಾರಕ್ಕೆ ಏನಾದರೂ ಆದರೆ, ಬಾಂಬಿನ ಮಾತು ಬಿಡಿ, ಯಾರೋ ಬಿಸಾಕಿದ ಬೀಡಿಯಿಂದ ಒಂದು ಚೀಲಕ್ಕೆ ಕಿಡಿ ತಾಗಿದರೂ ಸಾಕು, ಆ ಸಣ್ಣ ಬಾಗಿಲ ಮುಂದೆ ಪಾಳಿ ನಿಂತವರಲ್ಲಿ ಕೊನೆಗೆ ಉಳಿಯುವವಳು ನನ್ನವ್ವ. ಸುರಕ್ಷಾ ಅಧಿಕಾರಿಗೆ ಊಟ ಸೇರದಿದ್ದದ್ದು ಇದಕ್ಕೇ.

ಸಾವ್ಕಾರರ ತಯಾರಿ ಜೋರಾಗಿ ನಡೆಯಿತು. ಅಥಣಿ ಕಡೆಯ ಬೀಗರೊಬ್ಬರ ಮುಚ್ಚಿಹೋದ ಎಣ್ಣೆಗಿರಣಿಯಿಂದ ಕೈಯಲ್ಲಿ ತಿರುಗಿಸುವ ಒಂದು ಹಳೆಯ ಭೋಂಗಾ, ಅಂದರೆ ಸೈರನ್ನು, ತಂದು ಆಫೀಸಿನ ಮೇಲೆ ಕೂಡಿಸಿದರು. ಅದನ್ನು ತಿರುಗಿಸುವ ಕೆಲಸ ಜಕ್ಕಪ್ಪನಿಗೆ ಬಿತ್ತು. ಕಿಟಕಿಯ ಗಾಜಿಗೆಲ್ಲ ಕಪ್ಪು ಬಣ್ಣ ಬಳಿಸಿದರು. ಹಗಲು ಹೊತ್ತಿನಲ್ಲೇ ಒಳಗೆ ಕತ್ತಲೆಯಾಗಿ ಹೆಂಗಸರು ತಂಬಾಕಿನ ಕಡ್ಡಿ ಯಾವುದು, ಎಲೆ ಯಾವುದು ಎಂದು ಕೈಯಿಂದ ಮುಟ್ಟಿ ನೋಡುವ ಹಾಗಾಯಿತು. ಆಮೇಲೆ ಉಸುಕಿನ ಚೀಲ ಬೇಕೆಂದರು. ಹೊಳೆಯ ಉಸುಕು ಸಿಗಲಿಲ್ಲ. ಅದಕ್ಕೇನಂತೆ, ಜರಡಿ ಹಿಡಿದು ಉಳಿದ ತಂಬಾಕಿನ ಕಡ್ಡಿಯನ್ನೇ ಚೀಲಕ್ಕೆ ತುಂಬಿಸಿ, ದೊಡ್ಡ ಬಾಗಿಲಿಗೆ ಒಳಗಿನಿಂದ ಎದೆಯುದ್ದ ಒಟ್ಟಿಸಿಬಿಟ್ಟರು.

“ಸಾವ್ಕಾರ್ರ, ಕಡ್ಡಿಗೆ ಬೆಂಕಿ ಹತ್ತತೈತ್ರಿ. ಉಸುಕಿಗೆ ಹತ್ತಂಗಿಲ್ಲ,” ಅಂದೆ.

“ದೂರದಿಂದ ನೋಡಾವರಿಗೆ ಗೊತ್ತಾಗಂಗಿಲ್ಲ,” ಅಂದರು.

ಮೊದಲ ತಾಲೀಮಿನ ದಿನ ನಾನು ಎಲ್ಲರನ್ನೂ ಕೂಡಿಸಿ ತಿಳಿಸಿ ಹೇಳಿದೆ. ಭೋಂಗಾ ಆದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಡಬೇಕು, ಓಡಬೇಕು, ಅಂಗಳದ ಬೇವಿನ ಗಿಡದ ಕೆಳಗೆ ಬೋರಲು ಮಲಗಬೇಕು. ಓಡುವುದನ್ನೂ ಮಲಗುವುದನ್ನೂ ಮಾಡಿ ತೋರಿಸಿದೆ. ನಗುವಿನ ಸುಂದರಾ ಅಂತಲೇ ಹೆಸರಾದ ಸುಂದರಾ ನಾನು ಮಲಗಿದ್ದನ್ನು ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು.

“ಮಾಸ್ತರ, ಇನ್ನೊಮ್ಮಿ ಮಲಗ್ರಿ, ಹಿಂದಿನಾವ್ರಿಗೆ ಕಾಣಲಿಲ್ಲಂತ.”

ನಾನು ಇನ್ನೊಮ್ಮೆ ಮಲಗಿದೆ.

ಆಮೇಲೆ ಭೋಂಗಾ ಆಯಿತು. ಆ ಸದ್ದಿಗೆ ಊರಿನ ನಾಯಿಗಳೆಲ್ಲ ದನಿ ಕೂಡಿಸಿದವು. ನಾನು ಸೀಟಿ ಊದಿ “ಓಡ್ರಿ!” ಎಂದು ಕೂಗಿದೆ. ಹೆಂಗಸರು ಎದ್ದರು. ಜರಡಿ ಗೋಡೆಗೆ ಒರಗಿಸಿದರು. ಸೀರೆಯ ಧೂಳು ಝಾಡಿಸಿಕೊಂಡರು. ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಣ್ಣ ಬಾಗಿಲ ಮುಂದೆ ಅಚ್ಚುಕಟ್ಟಾಗಿ ಪಾಳಿ ಹಚ್ಚಿ ನಿಂತರು. ಕೈಗೂಸಿನವರು ಮೊದಲು. ಸೋನಾಬಾಯಿ ಹೊರಗೆ ಹೋಗಿ ಕೈ ಒರೆಸಿಕೊಂಡು ಝಡತಿ ಶುರು ಮಾಡಿದಳು.

“ಏನ ಮಾಡಾಕತ್ತೀರಿ? ಓಡ್ರಿ ಅಂದ್ರ!”

“ಝಡತಿ ಇಲ್ದ ಹ್ಯಾಂಗ ಓಡೋದ್ರಿ ಮಾಸ್ತರ?” ಎಂದು ಪಾಳಿಯ ನಡುವಿನಿಂದ ಸುಂದರಾ ಕೇಳಿದಳು.

ನಾನು ಹಿಂದಕ್ಕೆ ಓಡಿ ಅವ್ವನ ರಟ್ಟೆ ಹಿಡಿದೆ. “ಯವ್ವಾ, ನೀನರ ಓಡ ಬೇ. ಬಾಂಬ್ ಬೀಳಾಕತ್ತೈತಿ ಅಂತ ತಿಳಕೊ.”

“ಬೀಳಲಿ,” ಅಂದಳು ಅವ್ವ. “ಬಾಂಬ್ ಒಮ್ಮಿ ಬಿದ್ರ ಮುಗೀತು. ಕಳ್ಳಿ ಅನ್ನೂ ಮಾತ ಬಿದ್ರ ದಿನಾ ಬೀಳ್ತೈತಿ. ಕೈ ಬಿಡಲೇ, ಪಾಳಿ ಕೆಡತೈತಿ.”

ಅಷ್ಟರಲ್ಲಿ ಜಕ್ಕಪ್ಪನ ತೋಳು ಸೋತು ಭೋಂಗಾ ನಿಂತಿತು. ಪಾಳಿಯಲ್ಲಿ ಅರ್ಧ ಮಂದಿ ಇನ್ನೂ ಒಳಗೇ ಇದ್ದರು. ಯುದ್ಧ ಮುಗಿಯಿತೆಂದು ಅವರು ತಿರುಗಿ ಬಂದು ಜರಡಿ ಹಿಡಿದರು. ಹೊರಗೆ ಹೋದವರು ಮಾತ್ರ ಬೇವಿನ ಕೆಳಗೆ ಬೋರಲು ಮಲಗಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಹಗಲುನಿದ್ದೆ ಮಾಡಿದರು.

ಆಫೀಸಿನ ತೆರೆದ ಕಿಟಕಿಯಿಂದ ನೋಡಿದ ಸಾವ್ಕಾರರ ಎದೆ ಉಬ್ಬಿತ್ತು. “ಏನ್ ಶಿಸ್ತಲೇ ಭರಮು! ಮಿಲ್ಟ್ರಿಯಾಗ ಸೈತ ಇಂಥಾ ಪಾಳಿ ಇರಂಗಿಲ್ಲ.”

ಆಗಲೇ ಹೇಳಬೇಕಿತ್ತು. ಭೋಂಗಾ ಆದಾಗ ಝಡತಿ ಬೇಡ, ದೊಡ್ಡ ಬಾಗಿಲು ತೆಗೆಯಿರಿ ಎನ್ನುವ ಎರಡು ಮಾತು. ದಾರಿಯಲ್ಲಿ, ಸ್ನಾನಕ್ಕೆ ನೀರು ಹಾಕಿಕೊಳ್ಳುವಾಗ, ಎಲ್ಲಾ ಕಡೆ ಆ ಎರಡು ಮಾತನ್ನು ತಯಾರು ಮಾಡಿದೆ. ಒಮ್ಮೆ ಆಫೀಸಿಗೆ ಹೋಗಿ “ಸಾವ್ಕಾರ್ರ, ದೊಡ್ಡ ಬಾಗಲಾ…” ಎಂದು ಶುರು ಮಾಡಿ, ಅವರು ಕನ್ನಡಕದ ಮೇಲಿಂದ ನೋಡಿದ ಕೂಡಲೇ “…ಭಾಳ ದೊಡ್ಡದ ಐತ್ರಿ” ಎಂದು ಮುಗಿಸಿ ಬಂದೆ. ಮತ್ತೊಮ್ಮೆ ಹೋದಾಗ ಚಹಾ ತರಿಸಿ ಕುಡಿಸಿದರು, ಕುಡಿದು ಬಂದೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಪೂರ್ತಿ ಹೇಳಿಬಿಟ್ಟೆ.

ಸಾವ್ಕಾರರು ನಕ್ಕರು. “ಅಂದ್ರ, ಭೋಂಗಾ ಊದಿದಾಗೊಮ್ಮಿ ನನ್ನ ತಂಬಾಕ ಎದ್ದು ಓಣ್ಯಾಗ ತಿರಗ್ಯಾಡಾಕ ಹೋಗಬೇಕೇನು? ಪಾಕಿಸ್ತಾನದಾವ್ರ ಬರಲಿಲ್ಲಂದ್ರೂ ನೀನ ನನ್ನ ಮುಳಗಸ್ತಿ. ಹೋಗ ಹೋಗು.” ಹೊರಟವನನ್ನು ಮತ್ತೆ ಕರೆದರು. “ಬರೂ ಸೋಮವಾರ ಚಿಕ್ಕೋಡಿ ಸಾಹೇಬರನ್ನ ತಾಲೀಮ ನೋಡಾಕ ಕರದೇನಿ. ನಾನೂ ಅವರೂ ಒಳಗ ನಿಂತು ನೋಡ್ತೀವಿ. ಹೊಗಿನೂ ಹಾಕಸ್ತೀನಿ. ಹೊಗಿ ಇಲ್ದ ಯುದ್ಧ ಎಂಥಾದ್ದು?”

ಸೋನಾಬಾಯಿಯನ್ನೂ ಕರೆದು ನನ್ನೆದುರಿಗೇ ತಾಕೀತು ಮಾಡಿದರು. “ಮಂದಿ ಬಂದಾರಂತ ಸಡ್ಲ ಬಿಡಬ್ಯಾಡ. ನಮ್ಮ ಪದ್ಧತಿ ಅವ್ರೂ ನೋಡಲಿ. ಝಡತಿ ಇಲ್ದ ನಾ ಬಂದ್ರೂ ಹೊರಗ ಬಿಡಬ್ಯಾಡ.”

“ಹೌದ್ರಿ,” ಅಂದಳು ಸೋನಾಬಾಯಿ. ಅವಳು ಒಮ್ಮೆ ಹೌದ್ರಿ ಅಂದರೆ ಅದು ಹೌದೇ.

ನನ್ನ ಕೈಲಾದದ್ದು ಇಷ್ಟೇ. ಭಾನುವಾರ ವಖಾರ ರಜೆ ಇದ್ದಾಗ, ಇಲಿ ಹೊಕ್ಕಿವೆ ಎಂಬ ನೆವ ಹೇಳಿ ಒಳಗೆ ಹೋಗಿ, ಚೀಲಗಳ ಸಂದಿಯಲ್ಲಿ ಕೈ ತೂರಿಸಿ, ದೊಡ್ಡ ಬಾಗಿಲಿನ ತುಕ್ಕು ಹಿಡಿದ ಅಗಳಿಗೆ ಅವ್ವನ ಕೊಬ್ಬರಿ ಎಣ್ಣೆ ಹಚ್ಚಿ ಬಂದೆ. ಯಾಕೆ ಹಚ್ಚಿದೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕೀಲಿ ಸಾವ್ಕಾರರ ಸೊಂಟದಲ್ಲಿದ್ದ ಮೇಲೆ ಅಗಳಿ ಮೆತ್ತಗಾದರೆಷ್ಟು, ಬಿಟ್ಟರೆಷ್ಟು? ಮನೆಗೆ ಬಂದಾಗ ಅವ್ವ ಬಾಟಲಿ ಬೆಳಕಿಗೆ ಹಿಡಿದು ನೋಡಿದಳು.

“ಯಾರ ತಲೀಗೆ ಹಚ್ಚಿ ಬಂದ್ಯೋ ಇಷ್ಟು ಎಣ್ಣಿ?”

ನಾನು ಕೈ ಒರೆಸಿಕೊಂಡೆ. ಅವಳು ಬೇರೆಯದೇ ಅನುಮಾನದಿಂದ ನನ್ನನ್ನು ನೋಡಿ, “ಹುಡುಗಿ ಚಲೋ ಇದ್ರ ಹೇಳು,” ಅಂದಳು.

ಸೋಮವಾರ ಸಾಹೇಬರು ಬಂದರು. ಸಣ್ಣ ಆಳು, ಸೌಮ್ಯ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಾವ್ಕಾರರು ಅವರಿಗೆ ಹಾರ ಹಾಕಿ, ನಿಂಬೆ ಶರಬತ್ತು ಕೊಟ್ಟು, ಕಪ್ಪು ಕಿಟಕಿ, ಚೀಲದ ಗೋಡೆ ಎಲ್ಲ ತೋರಿಸಿ, ವಖಾರದ ನಟ್ಟನಡುವೆ ಎರಡು ಖುರ್ಚಿ ಹಾಕಿಸಿ ಕೂತರು. ಮೂಲೆಯಲ್ಲಿ ಹೊಗೆಯ ಮಡಕೆ ಇಡುವ ಕೆಲಸ ಜಕ್ಕಪ್ಪನದಾಗಿತ್ತು. ಹಸಿ ಹುಲ್ಲು ಹಾಕು ಅಂತಷ್ಟೇ ಅವನಿಗೆ ಹೇಳಿದ್ದು. ಆದರೆ ಜಕ್ಕಪ್ಪ ಭಕ್ತಿಯ ಮನುಷ್ಯ. ಇಷ್ಟು ದೊಡ್ಡವರು ಬಂದು ವಖಾರ ನೋಡಿ ಹೊಗಳುತ್ತಿರುವಾಗ ದೃಷ್ಟಿ ತಾಗದೆ ಇರುತ್ತದೆಯೇ ಎಂದು ತಾನಾಗಿಯೇ ವಿಚಾರ ಮಾಡಿ, ಮಡಕೆಗೆ ಒಂದು ಮುಷ್ಟಿ ಉಪ್ಪು, ಎರಡು ಮುಷ್ಟಿ ಒಣಮೆಣಸಿನಕಾಯಿ ಹಾಕಿ, ಮೇಲೆ ಹುಲ್ಲು ಮುಚ್ಚಿ, ಕೆಂಡ ಸುರಿದು, ಹೊರಗೆ ಹೋಗಿ ನಿಚ್ಚಣಿಕೆ ಏರಿ ಭೋಂಗಾ ತಿರುಗಿಸತೊಡಗಿದ.

ಹೆಂಗಸರು ಎದ್ದರು. ಜರಡಿ ಗೋಡೆಗೆ. ಧೂಳು ಝಾಡಿಸಿದ್ದು. ಸಂಚಿ ಸೊಂಟಕ್ಕೆ. ಪಾಳಿ.

“ನೋಡ್ರಿ ಸಾಹೇಬ್ರ, ಎಂಥಾ ಶಿಸ್…” ಎಂದು ಸಾವ್ಕಾರರು ಬಾಯಿ ತೆರೆದರು. ಮೆಣಸಿನಕಾಯಿಯ ಹೊಗೆ ಆ ಬಾಯೊಳಗೇ ಹೋಯಿತು. ಉಳಿದ ಶಬ್ದ ಆ ದಿನ ಹೊರಗೆ ಬರಲಿಲ್ಲ.

ಹೆಂಗಸರ ಮೂಗಿಗೆ ಸೆರಗು ಮೊದಲೇ ಇತ್ತು. ಕಣ್ಣು ಉರಿದರೂ ಪಾಳಿಯಲ್ಲಿ ನಿಂತು ಮಾತಾಡುತ್ತಿದ್ದರು. ಸಾವ್ಕಾರರಿಗೂ ಸಾಹೇಬರಿಗೂ ಏನೂ ಇರಲಿಲ್ಲ. ಸಾಹೇಬರು ಕೊರಳ ಹಾರವನ್ನೇ ಮೂಗಿಗೆ ಒತ್ತಿಕೊಂಡು ಸೀನುತ್ತಿದ್ದರು, ಒಂದೊಂದು ಸೀನಿಗೂ ಒಂದಿಷ್ಟು ಚೆಂಡುಹೂವಿನ ಎಸಳು ಹಾರುತ್ತಿದ್ದವು. ಸುಂದರಾ ತನ್ನ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಅವರ ಮೂಗಿಗೆ ಕಟ್ಟಿ, “ಅಂಜಬ್ಯಾಡ್ರಿ ಅಪ್ಪಾ, ನಮಗ ದಿನಾ ರೂಢಿ ಐತಿ,” ಅಂದಳು. ನನ್ನ ಬಾಯಿಯಲ್ಲಿ ಸೀಟಿ ಇತ್ತು. ಕೆಮ್ಮಿದಾಗೊಮ್ಮೆ ಅದು ಪೀ ಅನ್ನುತ್ತಿತ್ತು. ತೆಗೆಯಬೇಕೆಂಬುದು ಹೊಳೆಯಲೇ ಇಲ್ಲ.

ಸಾವ್ಕಾರರು ಎದ್ದು ಪಾಳಿಯನ್ನು ಸೀಳಿಕೊಂಡು ಸಣ್ಣ ಬಾಗಿಲಿಗೆ ನುಗ್ಗಿದರು. ಹೊರಗಿನಿಂದ ಸೋನಾಬಾಯಿಯ ಎರಡು ಕೈ ಅಡ್ಡ ಬಂದವು.

“ಥಾಂಬ್ರಿ! ಗಂಡಸರದು ನನ್ನ ಕಡೆ ಇಲ್ಲ. ಜಕ್ಕಪ್ಪ ಬರಬೇಕು.”

“ಏ ಸೋನಾಬಾಯಿ, ನಾ ಸಾವ್ಕಾರ!”

“ಗೊತ್ತೈತ್ರಿ. ನಾ ಬಂದ್ರೂ ಬಿಡಬ್ಯಾಡ ಅಂತ ಸಾವ್ಕಾರ್ರ ಹೇಳ್ಯಾರ.”

“ಹಂಗಾರ ಜಕ್ಕಪ್ಪನ್ನ ಕರಿ!”

ಜಕ್ಕಪ್ಪ ಮೇಲಿದ್ದ. ಹೊರಗೆ ದಾಟಿದ ಹೆಂಗಸರು ಅಂಗಳದಲ್ಲಿ ನಿಂತು ಇಳಿ ಇಳಿ ಎಂದು ಅವನಿಗೆ ಕೈ ಬೀಸಿದರು. ಅವನು ಮೇಲಿಂದ ನೋಡಿದ. ತನ್ನ ಭೋಂಗಾ ಎಲ್ಲರಿಗೂ ಮನಸ್ಸಿಗೆ ಬಂದಿದೆ ಎಂದುಕೊಂಡು ಎರಡೂ ಕೈ ಹಚ್ಚಿ ಇನ್ನೂ ಜೋರಾಗಿ ತಿರುಗಿಸಿದ.

ಸಾವ್ಕಾರರು ಹಿಂದೆ ಸರಿದರು. ಹೊಗೆ ಕೆಳಗಿಳಿಯುತ್ತಿತ್ತು. ಪಾಳಿಯ ಕೊನೆಯಲ್ಲಿ ನಮ್ಮವ್ವ ನಿಂತಿದ್ದಳು, ಮೂಗಿಗೆ ಸೆರಗು, ಕಣ್ಣಲ್ಲಿ ನೀರು. ಅವಳ ಕೆಮ್ಮು ನನಗೆ ಬೇರೆ ಎಲ್ಲ ಕೆಮ್ಮುಗಳ ನಡುವೆಯೂ ಕೇಳಿಸುತ್ತಿತ್ತು. ಅವಳನ್ನು ಎತ್ತಿಕೊಂಡು ಹೋಗಬೇಕೆನಿಸಿತು. ಆದರೆ ಎಲ್ಲಿಗೆ? ಆಗ ನಾನು ಸೀಟಿ ಉಗುಳಿ, ನನಗೇ ಆಶ್ಚರ್ಯವಾಗುವ ದನಿಯಲ್ಲಿ ಕೂಗಿದೆ:

“ಸಾವ್ಕಾರ್ರ, ದೊಡ್ಡ ಬಾಗಲಾ ತಗೀರಿ! ಕೀಲಿಕೈ ಕೊಡ್ರಿ!”

“ತಗೀ, ತಗೀ! ಎಲ್ಲಾರೂ ಹೋಗ್ರಿ ಆ ಕಡೆ!” ಎಂದು ಸಾವ್ಕಾರರು ಸೊಂಟ ತಡಕಾಡಿದರು.

ಯಾರೂ ಅಲುಗಲಿಲ್ಲ. ಪಾಳಿಯ ತಲೆಗಳೆಲ್ಲ ಹಿಂದಕ್ಕೆ ತಿರುಗಿ ಅವ್ವನನ್ನು ನೋಡಿದವು.

“ಝಡತಿ?” ಅಂದಳು ಅವ್ವ.

“ಬ್ಯಾಡ! ಝಡತಿ ಮಾಫ!”

“ಎಲ್ಲಾರೂ ಕೇಳಿದ್ರೇನ ಬೇ?”

“ಕೇಳಿಲ್ಲ ಯವ್ವಾ,” ಅಂದಳು ಸುಂದರಾ. ಕೆಮ್ಮೋ ನಗುವೋ ಗೊತ್ತಾಗುತ್ತಿರಲಿಲ್ಲ. “ಭೋಂಗಾ ಒಂದ ಸವನ ಹೊಡಕೊಳ್ಳಾಕತ್ತೈತಿ.”

“ಇನ್ನೊಮ್ಮಿ ಹೇಳ್ರಿ ಸಾವ್ಕಾರ್ರ,” ಅಂದಳು ಅವ್ವ. ದಿನಾ ಸೋನಾಬಾಯಿಗೆ ಹೇಳುತ್ತಿದ್ದ ಅದೇ ದನಿ. “ನೆಟ್ಟಗ ಹೇಳ್ರಿ.”

“ಮಾಫ ಅಂದೆನಲ್ಲ ಲಗಮವ್ವಾ! ಝಡತಿ ಮಾಫ!”

“ಇವತ್ತ ಒಂದ ದಿನಕ್ಕೋ, ಭೋಂಗಾ ಆದಾಗೆಲ್ಲಾನೋ?”

ಸಾವ್ಕಾರರು ಉತ್ತರ ಕೊಡುವ ಮೊದಲು ಸೀನಿದರು. ಸಾಹೇಬರೂ ಸೀನಿದರು. ಸುಂದರಾಳ ಬಟ್ಟೆಯೊಳಗಿಂದ ಸಾಹೇಬರ ದನಿ ಸಣ್ಣಗೆ ಬಂತು: “ಹೂಂ ಅನ್ರಿ ಬಾಬಾಸಾಹೇಬ… ನಿಮ್ಮ ಕಾಲ ಬೀಳ್ತೀನಿ, ಹೂಂ ಅನ್ರಿ.”

“ಆದಾಗೆಲ್ಲಾ! ಭೋಂಗಾ ಆದಾಗೆಲ್ಲಾ ಮಾಫ! ದೊಡ್ಡ ಬಾಗಲಾ ಹಗಲೆಲ್ಲಾ ಕೀಲಿ ಇಲ್ದ ಇರತೈತಿ! ಸಾಕೇನವಾ?”

“ಸಾಕ್ರಿ,” ಅಂದಳು ಅವ್ವ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಏ ಸುಂದರಾ, ಎತ್ತ ಚೀಲಾ!”

ಒಳಗೆ ಉಳಿದವರೆಲ್ಲ ಚೀಲಗಳ ಮೇಲೆ ಬಿದ್ದರು. ಉಸುಕಿದ್ದರೆ ಏನಾಗುತ್ತಿತ್ತೋ. ಬರೀ ಕಡ್ಡಿ, ಹಗುರ. ಹೆಂಗಸರು ಅವನ್ನು ದಿಂಬು ಎಸೆದ ಹಾಗೆ ಎಸೆದರು. ಒಂದು ಚೀಲ ಬಿಚ್ಚಿ ಸಾವ್ಕಾರರ ತಲೆಯ ಮೇಲೆಯೇ ಸುರಿಯಿತು. ಅವರು ಹಾಗೇ ಧೋತರದ ಗಂಟು ಬಿಚ್ಚಿ ಕೀಲಿಕೈ ನನ್ನ ಕೈಗಿಟ್ಟರು. ನಾನು ಕೀಲಿ ತೆಗೆದೆ. ಅಗಳಿಗೆ ಕೈ ಹಾಕಿದೆ. ಅದು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಪಕ್ಕದಲ್ಲಿದ್ದ ಅವ್ವ ಅಗಳಿ ಮೂಸಿ ನೋಡಿ, ನನ್ನ ಮುಖ ನೋಡಿದಳು.

“ಇದ ಏನ ಆ ಹುಡುಗಿ?” ಅಂದಳು.

ಬಾಗಿಲು ತೆರೆಯಿತು. ಓಣಿ, ಬೆಳಕು, ಆಗತಾನೇ ಶುರುವಾದ ಮೃಗಶಿರದ ಮಳೆ, ಎಲ್ಲ ಒಟ್ಟಿಗೇ ಒಳಗೆ ಬಂತು. ಹೆಂಗಸರು ಹೊರಗೆ ನುಗ್ಗಿದರು. ಬಾಗಿಲು ದಾಟಿದ ಕೂಡಲೇ ರೂಢಿ ಬಿಡಬೇಕಲ್ಲ, ಸುಂದರಾ ಓಡುತ್ತಾ ಓಡುತ್ತಾ ಎರಡೂ ಕೈ ಮೇಲೆತ್ತಿದಳು. ಅವಳ ಹಿಂದಿನವಳೂ ಎತ್ತಿದಳು. ಅವಳ ಹಿಂದಿನವಳೂ. ವಖಾರದ ಹೆಂಗಸರೆಲ್ಲ ಎರಡೂ ಕೈ ಆಕಾಶಕ್ಕೆ ಎತ್ತಿ, ಕೆಮ್ಮುತ್ತಾ ನಗುತ್ತಾ ಮಳೆಯಲ್ಲಿ ಓಣಿಯುದ್ದ ಓಡಿದರು. ಅವರನ್ನು ನೋಡಿ, ಇದು ಇಲ್ಲಿಯ ಪದ್ಧತಿಯೇ ಇರಬೇಕೆಂದು ಸಾಹೇಬರೂ ಕೈ ಎತ್ತಿ ಓಡಿ ಬಂದರು. ಅವರ ಹಿಂದೆ ತಲೆ ತುಂಬ ತಂಬಾಕಿನ ಕಡ್ಡಿ ಹೊತ್ತ ಸಾವ್ಕಾರರು, ಒಂದು ಕೈ ಮೇಲೆ, ಇನ್ನೊಂದು ಕೈಯಲ್ಲಿ ಧೋತರ.

ಎದುರಿನ ಚಹಾದಂಗಡಿಯ ಲಗಮಣ್ಣ ಸೌಟು ಹಿಡಿದು ಹೊರಗೆ ಬಂದ. ಸಾಲು ಸಾಲು ಜನ ಕೈ ಎತ್ತಿ ಬರುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಏನಾತ್ರಿ ಸಾವ್ಕಾರ್ರ? ಸೋತಿವೇನ್ರಿ?”

“ಗೆದ್ದೀವಿ!” ಎಂದು ಸುಂದರಾ ಕೂಗಿದಳು.

ಮಳೆಯಲ್ಲಿ ನೆನೆದ ಮೇಲೆ ಸಾಹೇಬರ ಸೀನು ನಿಂತಿತು. ಲಗಮಣ್ಣನ ಅಂಗಡಿಯ ಬೆಂಚಿನ ಮೇಲೆ ಕೂತು, ಸುಂದರಾಳ ಬಟ್ಟೆಯಿಂದಲೇ ಮುಖ ಒರೆಸಿಕೊಂಡು, ಅವರು ಬಹಳ ಹೊತ್ತು ನಕ್ಕರು. ಹೋಗುವಾಗ ಸಾವ್ಕಾರರ ಕೈ ಹಿಡಿದು, “ಹೊಗಿ ನಿಜವಾದ್ದ ಇತ್ತು ಬಾಬಾಸಾಹೇಬ. ಅದಕ್ಕ ಬಾಗಲಾನೂ ನಿಜವಾದ್ದ ತಗದ್ರಿ. ಮುಂದಿನ ಸಲ ಬಂದಾಗ ಅದ ಬಾಗಲದಾಗ ಒಳಗ ಕರಕೊಂಡ ಹೋಗ್ರಿ,” ಅಂದರು. ಮಾತಾಡುವಷ್ಟು ಗಂಟಲು ಸಾವ್ಕಾರರಿಗೆ ಆ ವಾರವೆಲ್ಲ ಇರಲಿಲ್ಲ. ಜಕ್ಕಪ್ಪನನ್ನು ಬೈಯುವುದಕ್ಕೂ ಕೈಸನ್ನೆ ಮಾಡಬೇಕಾಯಿತು. ಜಕ್ಕಪ್ಪ ಮಾತ್ರ, “ಏನ ಆಗಲಿ, ದೃಷ್ಟಿ ತಾಗಲಿಲ್ಲ ನೋಡ್ರಿ,” ಎಂದು ಸಮಾಧಾನ ಹೇಳಿದ.

ಆ ಸಂಜೆ ಮನೆಗೆ ಬರುವಾಗ ಅವ್ವ ದಾರಿಯಲ್ಲಿ ಎರಡು ಸಲ ನಿಂತು ಹಿಂದೆ ನೋಡಿದಳು.

“ಏನ ಬೇ?”

“ಮೈಯಾಗ ಏನೋ ಮರತ ಬಂದಂಗ ಆಗ್ತೈತಿ. ಝಡತಿ ಇಲ್ದ ಮನೀಗೆ ಬಂದದ್ದು ಇದ ಮೊದಲ.” ಸ್ವಲ್ಪ ದೂರ ನಡೆದು, ಎಡಗೈಯಿಂದ ತನ್ನ ಸೊಂಟ ತಾನೇ ತಡವಿ ನೋಡಿಕೊಂಡಳು. ಏನೂ ಇರಲಿಲ್ಲ.

ಜುಲೈ ಕೊನೆಗೆ ಯುದ್ಧ ಮುಗಿಯಿತು. ಸಾವ್ಕಾರರು ಪೇಢೆ ಹಂಚಿದರು. ಹಂಚುತ್ತಾ ಹಂಚುತ್ತಾ ಅವ್ವನ ಹತ್ತಿರ ಬಂದಾಗ, “ಲಗಮವ್ವಾ, ಯುದ್ಧ ಮುಗೀತು. ಇನ್ನ ದೊಡ್ಡ ಬಾಗಲಾ ಹಾಕೂಣಲ್ಲ?” ಅಂದರು. ಉತ್ತರ ಅವರಿಗೆ ಮೊದಲೇ ಗೊತ್ತು ಎಂಬುದು ಕೇಳಿದ ದನಿಯಲ್ಲೇ ಇತ್ತು.

ಅವ್ವ ಪೇಢೆ ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿ, ಹೇಳಿದಳು: “ಯುದ್ಧ ಆದಾಗೆಲ್ಲಾ ಅಂತ ಅಂದಿಲ್ರಿ ನೀವು. ಭೋಂಗಾ ಆದಾಗೆಲ್ಲಾ ಅಂದೀರಿ. ಭೋಂಗಾ ಇನ್ನಾ ಮ್ಯಾಲ ಐತಿ.”

ಸುತ್ತಲೂ ಜರಡಿಗಳು ನಿಂತಿದ್ದವು. ಸಾವ್ಕಾರರು ಒಮ್ಮೆ ಎಲ್ಲರ ಮುಖ ನೋಡಿ, ಉಳಿದ ಪೇಢೆಯ ಡಬ್ಬಿಯನ್ನೇ ಅವಳ ಮಡಿಲಿಗಿಟ್ಟು ಹೋದರು. ಸಂಜೆಯ ಝಡತಿ ಹೋಗಲಿಲ್ಲ, ಅದು ಇದ್ದೇ ಇತ್ತು. ಆದರೆ ದೊಡ್ಡ ಬಾಗಿಲಿಗೆ ಹಗಲು ಕೀಲಿ ಬೀಳಲಿಲ್ಲ. ಅದರ ಮುಂದೆ ಒಂದು ಚೀಲವೂ ನಿಲ್ಲದ ಹಾಗೆ ನಾನು ದಿನಾ ನೋಡಿಕೊಂಡೆ, ಒಮ್ಮೆ ನೋಡಿ ಹೋದವನು ತಿರುಗಿ ಬಂದು ಇನ್ನೊಮ್ಮೆ.

ತಿಂಗಳಿಗೊಮ್ಮೆ ಭೋಂಗಾ ಊದಿಸುವುದನ್ನೂ ನಾವು ಬಿಡಲಿಲ್ಲ. ಆ ದಿನ ಹೆಂಗಸರು ಬೆಳಿಗ್ಗೆಯಿಂದಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದರು. ಸದ್ದಾದ ಕೂಡಲೇ ಜರಡಿ ಬಿದ್ದಲ್ಲಿ ಬೀಳುತ್ತಿತ್ತು. ಹೋ ಎಂದು ಎದ್ದು, ಎರಡೂ ಕೈ ಎತ್ತಿ, ಶಾಲೆ ಬಿಟ್ಟ ಮಕ್ಕಳಂತೆ ಓಣಿಗೆ ನುಗ್ಗುತ್ತಿದ್ದರು. ಕೈ ಎತ್ತಬೇಡಿ ಎಂದು ನಾನು ಎಷ್ಟು ಸಲ ಹೇಳಿದರೂ ಕೇಳಲಿಲ್ಲ.

ಒಂದು ಸಲ ಎಲ್ಲರೂ ಹೊರಗೆ ಹೋದ ಮೇಲೆ ನೋಡುತ್ತೇನೆ, ಖಾಲಿ ವಖಾರದಲ್ಲಿ ಅವ್ವ ಒಬ್ಬಳೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ.

“ಹೋಗ ಬೇ ಯವ್ವಾ!”

“ನೀ ಹೋಗಲೇ ಮೊದಲ. ಕೊನೇಕ ಹೋಗಾಕಿ ನಾ.”

“ನಾ ಸುರಕ್ಷಾ ಅಧಿಕಾರಿ ಅದೇನಿ. ಎಲ್ಲಾರೂ ಹೋದ ಮ್ಯಾಲ ನಾ ಹೋಗಬೇಕು. ನೇಮ ಐತಿ.”

“ನಿನ್ನ ನೇಮ ನಿನ್ನೆ ಮೊನ್ನೇದು. ನೀ ಹುಟ್ಟೂ ಮೊದಲ ಈ ವಖಾರದಾಗ ನಾ ಅದೇನಿ.”

ಓಣಿಯಿಂದ ಹೆಂಗಸರು ಕೂಗುತ್ತಿದ್ದರು, ನಗುತ್ತಿದ್ದರು. ಮೇಲೆ ಜಕ್ಕಪ್ಪ ಬಿಡದೆ ತಿರುಗಿಸುತ್ತಿದ್ದ. ನಾನು ಬಾಗಿಲು ನೋಡಿದೆ. ಲಾರಿ ಹೋಗುವಂಥ ಬಾಗಿಲು. ಇಬ್ಬರಿಗೆ ಬೇಕಾದಷ್ಟು ಜಾಗ ಇತ್ತು.

ಅವ್ವನ ಕೈ ಹಿಡಿದೆ. ಅವಳು ನನ್ನ ಹಿಡಿತದಲ್ಲಿದ್ದ ಆ ಕೈಯನ್ನೂ, ಇನ್ನೊಂದನ್ನೂ ಮೇಲೆತ್ತಿದಳು. ನನ್ನ ಕೈಯೂ ಅದರ ಜೊತೆ ಮೇಲೆ ಹೋಯಿತು. ನಾವಿಬ್ಬರೂ ಕೂಡಿಯೇ ಹೊಸ್ತಿಲು ದಾಟಿದೆವು.